ಸೊನ್ನೆಗೆ ತಿರುಗಿಸಿದ್ದು

ರೈಫಲ್ಲಿನ ಸ್ಕೋಪಿನಲ್ಲಿ ನಾನು ಮೊದಲು ನೋಡಿದ್ದು ಒಂದು ನಿಂಬೆಹಣ್ಣು. ಪೊವೇ ಊರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿತ್ತಿಲಿನ ಕೊನೆಯಲ್ಲಿ, ಬೇಲಿಗೆ ಒರಗಿದಂತೆ ಒಂದು ನಿಂಬೆಗಿಡವಿತ್ತು. ಅಂಕಲ್ ತಮ್ಮ ಹಳೆಯ ಸ್ಕೋಪನ್ನು, ಎಂದರೆ ಗುರಿ ಹಿಡಿಯುವ ದುರ್ಬೀನನ್ನು, ರೈಫಲ್ಲಿನಿಂದ ಬಿಚ್ಚಿ ತಂದು ಅಡುಗೆಮನೆಯ ಬಾಗಿಲಲ್ಲಿ ನನ್ನ ಕೈಗೆ ಕೊಟ್ಟರು. ಕಣ್ಣನ್ನು ಅದರ ಗಾಜಿಗೆ ತೀರಾ ಹತ್ತಿರ ತಂದೆ, ಬರೀ ಕತ್ತಲೆ. ನಾಲ್ಕು ಬೆರಳಿನಷ್ಟು ಹಿಂದೆ ಸರಿದಾಗ ಆ ಕತ್ತಲೆಯ ನಡುವೆ ಬೆಳಕಿನ ಬಟ್ಟಲೊಂದು ತೆರೆದುಕೊಂಡಿತು. ಅದರ ತುಂಬ ಒಂದೇ ಒಂದು ನಿಂಬೆಹಣ್ಣು, ಅದರ ಮೇಲೆ ಕೂದಲಿನಷ್ಟು ತೆಳುವಾದ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಗಾಳಿಗೆ ಎಲೆ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಗಿಡ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರೂ ಅದರ ಸದ್ದು ಮಾತ್ರ ಬೇರೆ ಯಾವುದೋ ಊರಿನಲ್ಲಿ ಉಳಿದುಬಿಟ್ಟಂತಿತ್ತು.

“ಹೇಗಿದೆ?” ಎಂದರು ಅಂಕಲ್.

“ಅಂಚಲ್ಲಿ ಮಸುಕಿದೆ. ನಡೂ ಮಧ್ಯ ಚೆನ್ನಾಗಿದೆ,” ಎಂದೆ. ಬಟ್ಟಲಿನ ವಿಷಯ ಹೇಳಲಿಲ್ಲ.

ಅದು ೨೦೨೧ರ ಬೇಸಿಗೆ. ನಾನು ಲಾಸ್ ಏಂಜಲಿಸ್‌ನಲ್ಲಿ ಬೆಳಕಿನ ವಿಜ್ಞಾನ ಓದುತ್ತಿದ್ದೆ. ಪೊವೇಯಲ್ಲಿ ಮಸೂರಗಳನ್ನು ಪರೀಕ್ಷಿಸುವ ಒಂದು ಸಣ್ಣ ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಪರಿಚಯದವರ ಮೂಲಕ ಈ ದಂಪತಿಗಳ ಮನೆಯ ಮಹಡಿಯ ಕೋಣೆ ಬಾಡಿಗೆಗೆ ದೊರೆಯಿತು. ಅಂಕಲ್ ಟೆಲಿಕಾಂ ಎಂಜಿನಿಯರ್, ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದಾಗ ಹಿಡಿದ ರೈಫಲ್ ಹವ್ಯಾಸ ಇಲ್ಲಿಗೆ ಬಂದ ಮೇಲೆ ಮರುಕಳಿಸಿತಂತೆ. ಭಾನುವಾರ ಬೆಳಿಗ್ಗೆ ಗುಡ್ಡದ ಹಿಂದಿನ ರೇಂಜ್‌ಗೆ ಹೋಗಿ ಕಾಗದದ ಗುರಿಗೆ ಹೊಡೆದು, ತೂತುಬಿದ್ದ ಕಾಗದವನ್ನು ಸುರುಳಿ ಸುತ್ತಿ ತರುತ್ತಿದ್ದರು. ಆಂಟಿ ಅದರ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆಯುತ್ತಿದ್ದರು.

ಆ ವರ್ಷ ಬೇಟೆಗೆ ಹೋಗಬೇಕು, ಅದಕ್ಕೆ ಹೊಸ ಸ್ಕೋಪ್ ಬೇಕೆಂಬ ಮಾತು ಬಂದಾಗ ಆಂಟಿ, “ನಿಮ್ ಕಣ್ಣಿಗೊಂದು ಕನ್ನಡಕ, ಕೋವಿಗೊಂದು ಕನ್ನಡಕ. ಇಬ್ರಲ್ಲಿ ಯಾರಿಗ್ರೀ ದೃಷ್ಟಿ ಕಮ್ಮಿ?” ಎಂದರು.

“ನಿಂಗೇ. ಇಲ್ದಿದ್ರೆ ನನ್ನ ಒಪ್ಕೋತಿದ್ಯಾ?” ಎಂದರು ಅಂಕಲ್.

ಮನೆಯಲ್ಲಿ ಅಂಕಲ್‌ದು ಒಂದು ನಿಯಮವಿತ್ತು. ನಾನು ವಿದ್ಯಾರ್ಥಿ ವೀಸಾದವಳು, ರೈಫಲ್ ಮುಟ್ಟುವಂತಿಲ್ಲ. ಗುಂಡಿನ ಪೆಟ್ಟಿಗೆಯನ್ನೂ ಮುಟ್ಟುವಂತಿಲ್ಲ. ಸ್ಕೋಪ್ ಮಾತ್ರ ಗಾಜು ಮತ್ತು ಲೋಹ. ಅದನ್ನು ಎಷ್ಟು ಬೇಕಾದರೂ ನೋಡಬಹುದು. ನಿಯಮಗಳೆಂದರೆ ನನಗೂ ಇಷ್ಟ. ಹಾಗಾಗಿ ನಮ್ಮಿಬ್ಬರಿಗೆ ಬೇಗ ಹೊಂದಿಕೆಯಾಯಿತು.

ಆಗಸ್ಟ್‌ನ ಒಂದು ಶನಿವಾರ ಇಬ್ಬರೂ ಸ್ಯಾಂಟಾ ಕ್ಲಾರಿಟಾದವರೆಗೆ ಡ್ರೈವ್ ಮಾಡಿಕೊಂಡು ಹೋದೆವು. ಸ್ಕೋಪ್ ಮಾರುವ ಅಲ್ಲಿನ ಒಂದು ಅಂಗಡಿಯನ್ನು ಅಂಕಲ್‌ಗೆ ಯಾರೋ ಹೇಳಿದ್ದರು. ಅಂಗಡಿಯಾಕೆಗೆ ಅರವತ್ತು ದಾಟಿರಬೇಕು. ಬಲ ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಒಂದು ಗಾಯದ ಕಲೆ. ನಾನು ಅದನ್ನೇ ನೋಡಿದ್ದು ಆಕೆಗೆ ತಿಳಿಯಿತು. ಸ್ಕೋಪಿಗೆ ಕಣ್ಣು ತೀರಾ ಹತ್ತಿರ ಇಟ್ಟು ಗುಂಡು ಹಾರಿಸಿದರೆ ರೈಫಲ್ ಹಿಂದಕ್ಕೆ ಒದ್ದು ಹೀಗೆ ಮುದ್ರೆ ಒತ್ತುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಅಂದು ಹಿತ್ತಿಲಿನಲ್ಲಿ ನಾನು ಹಿಂದೆ ಸರಿದ ಆ ನಾಲ್ಕು ಬೆರಳಿನ ಅಂತರಕ್ಕೆ ಅರ್ಥ ಬಂದದ್ದು ಆಗ.

ಅಂಕಲ್ ನೇರವಾಗಿ ಅತಿ ದೊಡ್ಡದಕ್ಕೆ ಕೈಹಾಕಿದರು. ಇಪ್ಪತ್ತೈದು ಪಟ್ಟು ಹತ್ತಿರ ತೋರಿಸುವಂಥದ್ದು. ನಾನು ಅದನ್ನು ಇಸಿದುಕೊಂಡು, ತೋಳು ಚಾಚಿ ದೂರ ಹಿಡಿದು, ಕಣ್ಣಿಡುವ ಕಡೆಯ ಗಾಜನ್ನು ಅವರಿಗೆ ತೋರಿಸಿದೆ. ಅದರ ಮಧ್ಯೆ ಸಣ್ಣದೊಂದು ಬೆಳಕಿನ ಬಿಲ್ಲೆ ತೇಲುತ್ತಿರುತ್ತದೆ. ಮುಂದಿನ ಗಾಜಿನ ಅಗಲವನ್ನು, ಸ್ಕೋಪ್ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೋ ಆ ಸಂಖ್ಯೆಯಿಂದ ಭಾಗಿಸಿದರೆ ಆ ಬಿಲ್ಲೆಯ ಅಗಲ. ಐವತ್ತು ಮಿಲಿಮೀಟರ್ ಗಾಜು, ಇಪ್ಪತ್ತೈದು ಪಟ್ಟು: ಬಿಲ್ಲೆ ಎರಡೇ ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಕಣ್ಣಿಗೆ ಸಿಗುವ ಬೆಳಕೆಲ್ಲ ಅಷ್ಟೇ. ನಡುಹಗಲಿನಲ್ಲಿ ಕಾಗದದ ಗುರಿಗೆ ಅದು ಸಾಕು. ಮುಂಜಾವಿನ ಮಬ್ಬಿನಲ್ಲಿ ಪೊದೆಯ ನೆರಳಲ್ಲಿ ನಿಂತದ್ದನ್ನು ನೋಡಲು ಸಾಲದು. ಎಂಟು ಪಟ್ಟಿಗೆ ಇಳಿಸಿ, ನಲವತ್ತರ ಗಾಜು ಹಿಡಿದರೂ ಬಿಲ್ಲೆ ಐದು ಮಿಲಿಮೀಟರ್.

“ಅಂದ್ರೆ ಕಮ್ಮಿ ದೊಡ್ಡದು ಮಾಡಿದ್ರೆ ಜಾಸ್ತಿ ಕಾಣತ್ತೆ ಅಂತೀಯ,” ಎಂದರು ಅಂಕಲ್.

“ಮಬ್ಬಲ್ಲಿ ಹೌದು. ನೀವು ಅದನ್ನ ಯಾವಾಗ ನೋಡ್ತೀರೋ ಅದರ ಮೇಲೆ ಅಂಕಲ್.”

ಅಂಗಡಿಯಾಕೆ ನಮ್ಮನ್ನು ಬಾಗಿಲಿಗೆ ಕರೆದೊಯ್ದು, ಎದುರಿನ ಖಾಲಿ ಕಟ್ಟಡದ ಸೂರಿನ ಕೆಳಗಿನ ನೆರಳನ್ನು ನೋಡಲು ಹೇಳಿದಳು. ಬಿಸಿಲಿಗೆ ಹಿಡಿದರೆ ಎಲ್ಲ ಸ್ಕೋಪೂ ಒಂದೇ ಎಂಬುದು ಆಕೆಯ ಮಾತು. ಒಂದೊಂದಾಗಿ ನೋಡಿದೆ. ಮೂರನೆಯದರಲ್ಲಿ ಸೂರಿನಡಿ ಒಂದು ಗುಬ್ಬಿಗೂಡು ಕಂಡಿತು. ಬರಿಗಣ್ಣಿಗೆ ಅಲ್ಲಿ ಬರೀ ಕಪ್ಪು. ಒಣಹುಲ್ಲಿನ ಎಳೆಯೊಂದು ಗೂಡಿನಿಂದ ಇಳಿಬಿದ್ದು ನಿಧಾನವಾಗಿ ತೂಗುತ್ತಿತ್ತು. ತಲೆಯನ್ನು ತುಸು ಆಚೀಚೆ ಸರಿಸಿದರೂ ಸ್ಕೋಪಿನ ಗೆರೆ ಆ ಎಳೆಯ ಮೇಲೇ ಇತ್ತು, ಈಜಾಡಲಿಲ್ಲ. ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ, ಅಂಕಲ್ ಕೆಮ್ಮಿದರು.

ಅದೇ ಗಾಜಿನ ಸ್ಕೋಪು ಎರಡು ಬಗೆಯಲ್ಲಿತ್ತು. ಸ್ಕೋಪಿನ ಮೇಲ್ಗಡೆ ಒಂದು ತಿರುಗಿಸುವ ಡಯಲ್ ಇರುತ್ತದೆ. ಒಂದು ಸಲ ‘ಟಿಕ್’ ಎಂದರೆ ನೂರು ಗಜ ದೂರದಲ್ಲಿ ಗುಂಡು ಬೀಳುವ ಜಾಗ ಕಾಲು ಇಂಚು ಮೇಲೆ ಅಥವಾ ಕೆಳಗೆ ಸರಿಯುತ್ತದೆ. ಒಂದು ಸ್ಕೋಪಿನಲ್ಲಿ ಆ ಡಯಲ್ ಮೇಲೆ ತಿರುಪಿನ ಮುಚ್ಚಳ. ಇನ್ನೊಂದರಲ್ಲಿ ಮುಚ್ಚಳವಿಲ್ಲ, ಅಂಕೆಗಳು ಕಾಣುವಂತೆ ಡಯಲ್ ಮೇಲೆದ್ದು ನಿಂತಿದೆ.

“ಬೇಟೆಗಾದರೆ ಮುಚ್ಚಳದ್ದೇ ಇರಲಿ. ಬಟ್ಟೆಗೋ ಕೊಂಬೆಗೋ ತಾಗಿದರೆ ತಿರುಗಿಬಿಡುತ್ತದೆ,” ಎಂದಳು ಆಕೆ.

ನಾನು ತೆರೆದ ಡಯಲ್‌ನದ್ದನ್ನೇ ಹಿಡಿದಿದ್ದೆ. ಅದರ ಟಿಕ್ ಎಷ್ಟು ಖಚಿತವಾಗಿತ್ತೆಂದರೆ ಬೆರಳ ತುದಿಗೆ ಒಂದು ಅಕ್ಷರ ಬರೆದಂತೆ. “ಅಂಕೆ ಕಣ್ಣಿಗೆ ಕಾಣ್ತಿರ್ಬೇಕು ಅಂಕಲ್. ಮುಚ್ಚಿಟ್ಟಿದ್ದನ್ನ ಹೇಗೆ ನಂಬೋದು?” ಎಂದೆ. ಅಂಕಲ್ ನನ್ನನ್ನು ನಂಬಿ ಅದನ್ನೇ ಕೊಂಡರು.

ಹಿಂದಿರುಗುವಾಗ, ಮನೆಗೆ ಹೋಗುವ ಮೊದಲು ಡೆಲ್ ಮಾರ್‌ನ ದಿಬ್ಬದ ಮೇಲೆ ಕಾರು ನಿಲ್ಲಿಸಿದೆವು. ಹೊಸ ಗಾಜನ್ನು ಸಮುದ್ರಕ್ಕೆ ಹಿಡಿದು ನೋಡಬೇಕೆಂಬುದು ನನ್ನ ಆಸೆ. ಕೆಟ್ಟ ಮಸೂರದಲ್ಲಿ ದಿಗಂತ ಅಂಚಿಗೆ ಬರುತ್ತ ಬಾಗುತ್ತದೆ, ಇದರಲ್ಲಿ ಬಾಗಲಿಲ್ಲ. ನೀರು ಹಿತ್ತಾಳೆ ತಟ್ಟೆಯಂತಿತ್ತು. ಒಂದು ಸಾಲು ಹೆಜ್ಜಾರ್ಲೆಗಳು ಅಲೆಯ ಮೇಲೆ ರೆಕ್ಕೆ ಬಡಿಯದೆ ತೇಲಿ ಬಂದು, ನನ್ನ ವೃತ್ತವನ್ನು ಒಂದೊಂದಾಗಿ ದಾಟಿಹೋದವು. ಕೆಳಗೆ ಅಲೆಯೇರಿ ಆಡುವವರತ್ತ ಸ್ಕೋಪ್ ಸರಿಯುವಷ್ಟರಲ್ಲಿ ಅಂಕಲ್ ಅದರ ಮುಂದೆ ಅಂಗೈ ಅಡ್ಡ ಹಿಡಿದರು.

“ಮನುಷ್ಯರ ಕಡೆ ಬೇಡ. ರೈಫಲ್ ಮೇಲೆ ಇಲ್ದಿದ್ರೂ ಬೇಡ.”

ಆಮೇಲೆ, ಕಾರಿಗೆ ಒರಗಿ, ಕೇಳದೆಯೇ ಅವರು ಹೇಳಿದರು. ಒಂಬತ್ತು ವರ್ಷದ ಹಿಂದೆ ಪೂರ್ವದ ಬೆಟ್ಟಗಳಲ್ಲಿ ಒಂದು ಜಿಂಕೆಗೆ ಹೊಡೆದಿದ್ದರು. ಗುಂಡು ಎದೆಗೆ ಬೀಳದೆ ಕಾಲಿಗೆ ಬಿತ್ತು. ಅದು ಮೂರು ಕಾಲಿನಲ್ಲಿ ಪೊದೆಯೊಳಗೆ ಹೋಯಿತು. ಆ ದಿನವೂ ಮರುದಿನವೂ ಹುಡುಕಿದರೂ ಸಿಗಲಿಲ್ಲ.

“ಅದು ಎಲ್ಲೋ ಬಿದ್ಕೊಂಡು ಎಷ್ಟು ದಿನ ತಗೊಂಡಿರತ್ತೆ ಅಂತ,” ಎಂದು ನಿಲ್ಲಿಸಿದರು. “ಆಮೇಲೆ ಬರೀ ಕಾಗದ. ಈ ವರ್ಷ ಪರವಾನಗಿ ತಗೊಂಡಿದೀನಿ. ಒಂದೇ ಸಲ, ಸರಿಯಾಗಿ, ನೋವಾಗ್ದೇ ಇರೋ ಹಾಗೆ. ಆಗ್ಲಿಲ್ಲ ಅಂದ್ರೆ ರೈಫಲ್ ಮಾರ್ಬಿಡ್ತೀನಿ.”

ಬೇಟೆಯನ್ನು ನಾನು ಒಪ್ಪುವವಳಲ್ಲ, ಮಾಂಸವನ್ನೂ ತಿನ್ನುವುದಿಲ್ಲ. ಆದರೆ ತನ್ನ ತಪ್ಪನ್ನು ಒಂಬತ್ತು ವರ್ಷ ಹೊತ್ತು ತಿರುಗುವವರನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಮುಂದಿನ ಗಾಜಿಗೆ ಉಪ್ಪುಗಾಳಿ ತಾಗದಂತೆ ಮುಚ್ಚಳ ಹಾಕಿದೆ.

ಸೆಪ್ಟೆಂಬರ್ ಪೂರ್ತಿ ಅಂಕಲ್ ಹೊಸ ಸ್ಕೋಪನ್ನು ರೇಂಜ್‌ನಲ್ಲಿ ಹೊಂದಿಸಿದರು. ಗೆರೆ ಎಲ್ಲಿದೆಯೋ ಗುಂಡು ಅಲ್ಲೇ ಬೀಳುವವರೆಗೆ ಟಿಕ್, ಟಿಕ್ ಎಂದು ತಿರುಗಿಸುವ ಕೆಲಸ ಅದು. ಅಕ್ಟೋಬರ್ ಮೊದಲ ವಾರದಲ್ಲಿ ತಂದ ಕಾಗದದಲ್ಲಿ ಮೂರು ತೂತುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರವಿದ್ದವು. “ಆಯ್ತು. ಇನ್ನು ಬೇಟೆ ದಿನದವರೆಗೂ ಯಾರೂ ಮುಟ್ಟಂಗಿಲ್ಲ,” ಎಂದರು. ಆ ಕಾಗದದ ಮೇಲೆ ಮಾತ್ರ ಆಂಟಿ ದಿನಸಿ ಪಟ್ಟಿ ಬರೆಯಲಿಲ್ಲ, ಫ್ರಿಜ್ಜಿಗೆ ಅಂಟಿಸಿದರು.

ಆಯುಧ ಪೂಜೆ ಗುರುವಾರ ಬಂತು. ಊಟದ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಆಂಟಿ ಎಲ್ಲವನ್ನೂ ಜೋಡಿಸಿದರು. ಎರಡು ಲ್ಯಾಪ್‌ಟಾಪ್, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ನನ್ನ ಲ್ಯಾಬಿನ ಪುಟ್ಟ ಭೂತಗನ್ನಡಿ. ಕೊನೆಗೆ ಅಂಕಲ್ ರೈಫಲ್ಲಿನ ಅಗುಳಿಯಂಥ ಬೋಲ್ಟನ್ನು ತೆಗೆದು, ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಮೇಜಿನ ಅಂಚಿಗೆ ಮಲಗಿಸಿದರು. ಎಲ್ಲಕ್ಕೂ ಗಂಧ, ಕುಂಕುಮ, ಒಂದೊಂದು ಸೇವಂತಿಗೆ. ಕಾರಿನ ಚಕ್ರಗಳ ಕೆಳಗಿಡಲು ಹಿತ್ತಿಲಿನ ನಿಂಬೆಹಣ್ಣು.

ರೈಫಲ್ ಹತ್ತಿರ ಬಂದಾಗ ಆಂಟಿ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ನಂಗೆ ಅದನ್ನ ಕಂಡ್ರಾಗಲ್ಲ. ನೀನೇ ಇಡಮ್ಮ.”

“ನಾನು ಮುಟ್ಟಂಗಿಲ್ಲ ಆಂಟಿ.”

“ಮೇಲಿನ ದುರ್ಬೀನಿಗೆ ಇಡು. ಅದೇನು ಗುಂಡು ಹಾರಿಸತ್ತಾ?” ಎಂದು, ಸ್ವರ ತಗ್ಗಿಸಿ, “ಈ ಸಲ ಪಾಪ ಅದಕ್ಕೂ ನೋವಾಗ್ಬಾರ್ದು, ಇವ್ರಿಗೂ ನೋವಾಗ್ಬಾರ್ದು ಅಂತ ಬೇಡ್ಕೊಂಡು ಇಡು,” ಎಂದರು.

ಗಾಜಿಗೆ ಕುಂಕುಮ ತಾಗಿದರೆ ಅದರ ಮೇಲಿನ ಲೇಪ ಗೀಚಿಹೋಗುತ್ತದೆ. ಅದಕ್ಕೆಂದೇ ಡಯಲ್ ಮೇಲೆ ಇಟ್ಟೆ. ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ನನ್ನ ಜಾಣ್ಮೆಗೆ ನಾನೇ ಮೆಚ್ಚಿಕೊಂಡದ್ದು ನೆನಪಿದೆ.

ಪೂಜೆಯಾದ ಮೇಲೆ ಆಯುಧಗಳನ್ನು ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ಶುಕ್ರವಾರ ಸಂಜೆ ಆಂಟಿ ಹೂ ತೆಗೆಯುವಾಗ, ಗಂಧ ಒಣಗಿ ಡಯಲ್‌ಗೆ ಕಚ್ಚಿಕೊಂಡದ್ದು ಕಂಡು ಲ್ಯಾಬಿನ ಮೆತ್ತನೆಯ ಬಟ್ಟೆ ತಂದೆ. ಒರೆಸುವಾಗ ಬೆರಳಿನ ಕೆಳಗೆ ಟಿಕ್ ಎಂದಿತು. ಇನ್ನೊಮ್ಮೆ ಟಿಕ್. ಬಟ್ಟೆ ಸರಿಸಿ ನೋಡಿದರೆ, ಸೂಚಿಯ ಗೆರೆಗೆ ನೇರವಾಗಿ ನಾಲ್ಕೋ, ನಾಲ್ಕರ ಹತ್ತಿರದ್ದೋ ಒಂದು ಅಂಕೆ. ಅಯ್ಯೋ, ತಿರುಗಿಸಿಬಿಟ್ಟೆ ಎಂದುಕೊಂಡೆ. ಹೊಂದಿಸಿದ ಸ್ಕೋಪಿನ ಡಯಲ್ ಸೊನ್ನೆಯಲ್ಲಿರಬೇಕಲ್ಲವೇ? ಎರಡು ಬೆರಳಿನಲ್ಲಿ ಹಿಡಿದು, ಟಿಕ್‌ಗಳನ್ನು ಎಣಿಸದೆ, ಸೊನ್ನೆಗೆ ತಂದೆ. ಸೊನ್ನೆ ಗೆರೆಯ ಮೇಲೆ ಕೂತಾಗ ಮನಸ್ಸೂ ಕೂತಿತು. ಅಂಕಲ್ ರೈಫಲ್ಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಬೇಟೆಯ ಅವಧಿ ಮುಂದಿನ ಶನಿವಾರ ಶುರುವಾಗುವುದಿತ್ತು. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅಂಕಲ್ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. “ಹೊಂದಿಸಿದ ಮೇಲೆ ಡಯಲ್‌ನ ಸಣ್ಣ ಸ್ಕ್ರೂ ಸಡಿಲ ಮಾಡಿ ಅಂಕೇನ ಸೊನ್ನೆಗೆ ಕೂರಿಸ್ಬೇಕಂತೆ. ನಾನು ಮಾಡೇ ಇಲ್ಲ. ಅದು ನಾಲ್ಕು ಚಿಲ್ಲರೆ ತೋರಿಸ್ತಾ ಕೂತಿರತ್ತೆ. ಗುಂಡು ಸರಿಯಾಗಿ ಬೀಳತ್ತಲ್ಲ, ತೋರಿಸ್ಕೊಳ್ಲಿ ಬಿಡು.”

ನನ್ನ ಕೈಯಲ್ಲಿ ಮೊಸರನ್ನದ ತುತ್ತಿತ್ತು. ಅದನ್ನು ಬಾಯಿಗೆ ಹಾಕಿಕೊಂಡೆ. ಒಂದು ಅಂಕೆಗೆ ನಾಲ್ಕು ಟಿಕ್, ನಾಲ್ಕು ಎಂದರೆ ಹದಿನಾರು ಟಿಕ್. ನೂರು ಗಜಕ್ಕೆ ನಾಲ್ಕು ಇಂಚು ಕೆಳಗೆ. ಇನ್ನೂರಕ್ಕೆ ಎಂಟು. ಗೆರೆ ಎದೆಯ ಮೇಲಿರುತ್ತದೆ, ಗುಂಡು ಕಾಲಿಗೆ ಹೋಗುತ್ತದೆ. ಲೆಕ್ಕ ತುತ್ತು ನುಂಗುವ ಮೊದಲೇ ಮುಗಿದಿತ್ತು. ಆದರೂ ಹೇಳಲಿಲ್ಲ. ಅಂಕಲ್ ಫ್ರಿಜ್ಜಿನ ಮೇಲಿನ ಕಾಗದವನ್ನು ನೋಡುತ್ತಿದ್ದರು. ಆಂಟಿ ಉಪ್ಪಿನಕಾಯಿ ಬಡಿಸುತ್ತ, ಪೂಜೆ ಚೆನ್ನಾಗಾಯಿತು, ಹೂ ಬಾಡಿರಲೇ ಇಲ್ಲ ಎನ್ನುತ್ತಿದ್ದರು.

ಗುರುವಾರ ಲ್ಯಾಬಿನಲ್ಲಿ ಒಂದೇ ಮಸೂರವನ್ನು ನಾಲ್ಕು ಸಲ ಅಳೆದೆ. ನಾಲ್ಕು ಸಲವೂ ಬೇರೆ ಬೇರೆ ಉತ್ತರ. ಉಪಕರಣ ಸರಿಯಾಗಿತ್ತು. ಕಣ್ಣು ಮುಚ್ಚಿದರೆ ಆ ಬೆಳಕಿನ ಬಟ್ಟಲು. ಅದರೊಳಗೆ ಮೂರು ಕಾಲಿನಲ್ಲಿ ಏನೋ ನಡೆದು, ಸದ್ದಿಲ್ಲದೆ ಅಂಚಿನ ಕತ್ತಲೆಗೆ ಸರಿದುಹೋಗುತ್ತಿತ್ತು.

ಸಂಜೆ ಮನೆಗೆ ಬಂದಾಗ ಆಂಟಿ ಬೀನ್ಸ್‌ನ ನಾರು ತೆಗೆಯುತ್ತಿದ್ದರು. ಅಂಕಲ್ ಎದುರಿಗೆ ಕೂತು ಬೂಟಿಗೆ ಹೊಸ ಲೇಸ್ ಹಾಕುತ್ತಿದ್ದರು. ನಾನು ಚೀಲವನ್ನೂ ಇಳಿಸಲಿಲ್ಲ.

“ಅಂಕಲ್, ಆ ಡಯಲ್ ನಾನು ತಿರುಗಿಸಿದೀನಿ.”

“ಯಾವ ಡಯಲ್?”

“ಸ್ಕೋಪಿಂದು. ಕುಂಕುಮ ಒರೆಸ್ವಾಗ. ನನ್ನಿಂದಲೇ ತಿರುಗ್ತು ಅನ್ಕೊಂಡು ಸೊನ್ನೆಗೆ ತಂದ್ಬಿಟ್ಟೆ.”

ಲೇಸ್ ರಂಧ್ರದಲ್ಲೇ ನಿಂತಿತು. “ಎಷ್ಟರಲ್ಲಿತ್ತು?”

“ನಾಲ್ಕರ ಹತ್ತಿರ. ಸರಿಯಾಗಿ ನೋಡ್ಲಿಲ್ಲ.”

“ನೀನು? ಸರಿಯಾಗಿ ನೋಡ್ಲಿಲ್ವಾ?”

ಅದಕ್ಕಿಂತ ಕಠಿಣವಾದದ್ದನ್ನು ಅವರು ನನಗೆ ಯಾವತ್ತೂ ಹೇಳಿಲ್ಲ.

ಆಂಟಿ ಬೀನ್ಸ್ ಬಿಟ್ಟು ಕೈ ಒರೆಸಿಕೊಂಡರು. “ಕುಂಕುಮ ಇಡು ಅಂದೋಳು ನಾನು. ಬೈಯೋದಾದ್ರೆ ನಂಗೆ ಬೈರಿ. ಬೇಡ್ಕೊಳ್ಳೋದೂ ನಾನೇ, ಕೆಡಿಸೋದೂ ನಾನೇ.”

“ಯಾರು ಬೈತಿದಾರೆ ಮಾರಾಯ್ತಿ,” ಎಂದರು ಅಂಕಲ್. ನಂತರ ನನ್ನತ್ತ ತಿರುಗಿ, “ಯಾವಾಗ ಗೊತ್ತಾಯ್ತು?”

“ನಿನ್ನೆ. ನೀವು ಸ್ಕ್ರೂ ವಿಷಯ ಹೇಳ್ದಾಗ.”

“ನಿನ್ನೇನೇ ಹೇಳ್ಬಹುದಿತ್ತು.”

“ಹೌದು.”

ಅವರು ಲೇಸ್ ಹಾಕಿ ಮುಗಿಸಿದರು. ಎರಡೂ ತುದಿ ಸಮ ಇದೆಯೇ ಎಂದು ಎಳೆದು ನೋಡಿದರು. “ನಾಳೆ ರಜ ಹಾಕ್ತೀನಿ. ನೀನೂ ಹಾಕು. ಬೆಳಿಗ್ಗೆ ರೇಂಜ್ ತೆಗೆಯೋ ಹೊತ್ತಿಗೆ ಅಲ್ಲಿರ್ಬೇಕು.”

ಗುಡ್ಡಗಳ ಹಿಂದಿನ ಆ ಬೆಳಗು ತಣ್ಣಗಿತ್ತು. ಸಮುದ್ರದಿಂದ ಬಂದ ಮಂಜು ಕಣಿವೆಯಲ್ಲಿ ಹಾಲಿನಂತೆ ನಿಂತಿತ್ತು. ಅದು ಕರಗುವವರೆಗೆ ಕಾದೆವು. ಅಂಕಲ್ ಬೆಂಚಿನಲ್ಲಿ ಕೂತರು. ನಾನು ಪಕ್ಕದಲ್ಲಿ, ಮೂರುಕಾಲಿನ ದೂರದರ್ಶಕದ ಹಿಂದೆ. ಗುಂಡು ಎಲ್ಲಿ ಬಿತ್ತೆಂದು ಹೇಳುವುದು ನನ್ನ ಕೆಲಸ. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರಿಂದ ಜಗತ್ತು ಮತ್ತೆ ಆ ಹಿತ್ತಿಲಿನ ದಿನದಂತೆ ನಿಶ್ಶಬ್ದವಾಗಿತ್ತು.

ಡಯಲ್ ಮೇಲೆ, ನಾಲ್ಕರಿಂದ ಸ್ವಲ್ಪ ಮುಂದೆ, ಕೊರೆದ ಗೆರೆಯೊಳಗೆ ಕುಂಕುಮದ ಕೆಂಪು ಉಳಿದಿತ್ತು. ಅಲ್ಲಿಗೇ ತಿರುಗಿಸಿ ಎಂದೆ. ಅಂಕಲ್ ತಲೆ ಅಡ್ಡ ಆಡಿಸಿದರು. “ಅಂದಾಜು ಬೇಡ. ಮೊದ್ಲು ಎಷ್ಟು ತಪ್ಪಿದೆ ನೋಡಣ.”

ಮೊದಲ ಗುಂಡು. ಕಾಗದದ ಮೇಲೆ ಕಪ್ಪು ಚುಕ್ಕೆ ಎಲ್ಲಿಂದಲೋ ಹುಟ್ಟಿದಂತೆ ಮೂಡಿತು. ನಡುವಿನಿಂದ ನೇರ ಕೆಳಗೆ.

“ನಾಲ್ಕೂವರೆ ಇಂಚು ಕೆಳಗೆ,” ಎಂದೆ.

ಅವರು ತಿರುಗಿಸಿದರು, ನಾನು ಎಣಿಸಿದೆ, ಈ ಸಲ ಗಟ್ಟಿಯಾಗಿ. ಹದಿನೆಂಟು. ಎರಡನೆಯ ಗುಂಡು ನಡುವಿಗೆ ಬಿತ್ತು. ಮೂರನೆಯದು ಅದರ ಮಗ್ಗುಲಿಗೆ. ನಾಲ್ಕನೆಯದಕ್ಕೆ ಮುಂಚೆ ಅವರು ಬಹಳ ಹೊತ್ತು ಉಸಿರು ಬಿಡುತ್ತ ಕೂತರು. ಅದು ಎರಡರ ನಡುವೆ ಸೇರಿಕೊಂಡಿತು. ಬಳಿಕ ಸಣ್ಣ ಸ್ಕ್ರೂ ಸಡಿಲಿಸಿ ಅಂಕೆಯನ್ನು ಸೊನ್ನೆಗೆ ಕೂರಿಸಿ ಬಿಗಿದರು. ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದರು. ಆಂಟಿಯ ಕೆಂಪು ನೇಲ್ ಪಾಲಿಷ್.

“ನಿಮ್ಮಾಂಟಿ ಕೊಟ್ಲು. ಡಯಲ್ಲಿಗೂ ಕೊಳವೆಗೂ ಸೇರಿಸಿ ಒಂದು ಗೆರೆ ಎಳೀಬೇಕಂತೆ. ತಿರುಗಿದ್ರೆ ಗೆರೆ ತುಂಡಾಗತ್ತೆ, ಗೊತ್ತಾಗತ್ತೆ. ಐಡಿಯಾ ಅವಳದೇ ಅಂತ ಮೂರು ಸಲ ಹೇಳಿದಾಳೆ. ನನ್ನ ಕೈ ಅಲ್ಲಾಡತ್ತೆ. ನೀನೇ ಎಳಿ.”

“ಮುಟ್ಟಂಗಿಲ್ಲ ಅಂಕಲ್.”

“ನೀನು ಬ್ರಷ್ ಹಿಡ್ಕೊ. ರೈಫಲ್ ನಾನು ಹಿಡ್ಕೋತೀನಿ.”

ಉಸಿರು ಹಿಡಿದು ಎಳೆದೆ. ಮೇಲಿನಿಂದ ಕೆಳಗೆ, ಕೂದಲೆಳೆಯ ಕೆಂಪು ಗೆರೆ. ನಾನು ಈವರೆಗೆ ಎಳೆದ ಗೆರೆಗಳಲ್ಲಿ ಅದೇ ಅತ್ಯಂತ ನೇರವಾದದ್ದು.

ಶನಿವಾರ ನಾನು ಏಳುವ ಹೊತ್ತಿಗೆ ಗ್ಯಾರೇಜ್ ಖಾಲಿಯಾಗಿತ್ತು. ಆ ದಿನವೆಲ್ಲ ಆಂಟಿ, ತೊಳೆಯಬೇಕಿಲ್ಲದ ಕಪಾಟುಗಳನ್ನೂ ತೊಳೆದರು. ನಾನು ಹಿತ್ತಿಲಿನಲ್ಲಿ ಕೂತು ಓದುತ್ತಿದ್ದೆ ಎಂದು ಹೇಳಬಹುದು. ಪುಟ ತಿರುವಿದ ನೆನಪಿಲ್ಲ. ಬಿಸಿಲು ನಿಂಬೆಗಿಡದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಯಿತು.

ಭಾನುವಾರ ಮಧ್ಯಾಹ್ನ ಅಂಕಲ್ ಬಂದರು. ಆಂಟಿ ಬಾಗಿಲಲ್ಲೇ ನಿಂತು, “ಏನ್ರೀ?” ಎಂದರು.

“ಒಂದೇ ಗುಂಡು.”

“ಓಡ್ತಾ?”

“ಇಲ್ಲ. ನಿಂತಲ್ಲೇ. ಅದಕ್ಕೆ ಗೊತ್ತಾಗಿರೋದೂ ಡೌಟು.”

“ಸದ್ಯ,” ಎಂದು ಆಂಟಿ ಬಾಗಿಲ ಚೌಕಟ್ಟಿಗೆ ಒರಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಅಂಕಲ್ ಅದನ್ನು ನೋಡದವರಂತೆ ಬೂಟು ಬಿಚ್ಚತೊಡಗಿದರು.

ನನಗೂ ಸಮಾಧಾನವಾಯಿತು. ಅದರ ಜೊತೆಗೇ ಇನ್ನೊಂದು ಸಂಗತಿಯೂ ಬಂದು ಕೂತಿತು. ಸೂರಿನಡಿಯ ಹುಲ್ಲೆಳೆ, ದಿಗಂತ, ಹೆಜ್ಜಾರ್ಲೆಗಳು, ಇವೆಲ್ಲ ನಾನು ಆ ವೃತ್ತದೊಳಗೆ ಇಟ್ಟುಕೊಂಡವು. ವೃತ್ತವನ್ನು ಮಾಡಿದ್ದು ಬೇರೆಯದಕ್ಕೆ. ಅದು ಮೊದಲಿನಿಂದಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಕಿನ ಬಿಲ್ಲೆಯ ಅಗಲವನ್ನಷ್ಟೇ ಲೆಕ್ಕ ಹಾಕಿದ್ದೆ.

ಸಂಜೆ ಅಡುಗೆಮನೆಯಲ್ಲಿ ಎರಡು ಒಲೆ ಉರಿದವು. ಒಂದರ ಮೇಲೆ ಅವರ ಜಿಂಕೆ ಮಾಂಸದ ಸಾರು, ಇನ್ನೊಂದರ ಮೇಲೆ ನನ್ನ ತಿಳಿಸಾರು. ಮೂವರೂ ಒಂದೇ ಮೇಜಿಗೆ ಕೂತೆವು. ಅಂಕಲ್ ತುತ್ತಿಗೆ ಮುಂಚೆ ಒಂದು ಕ್ಷಣ ತಟ್ಟೆಯ ಮೇಲೆ ಕೈಯಿಟ್ಟು ಸುಮ್ಮನಿದ್ದರು. ರೈಫಲ್ ಮಾರುವ ಮಾತು ಯಾರೂ ಎತ್ತಲಿಲ್ಲ.

ಊಟವಾದ ಮೇಲೆ ಅವರು ರೈಫಲ್ಲನ್ನು ಕಪಾಟಿಗೆ ಇಡುತ್ತ ನನ್ನನ್ನು ಕರೆದರು. “ಗೆರೆ ಒಂದ್ಸಲ ನೋಡ್ಬಿಡು.”

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದೆ. ಬೆಟ್ಟದ ಧೂಳು ಡಯಲ್ ಮೇಲೆ ಕೂತಿತ್ತು. ಕೆಂಪು ಗೆರೆ ಎಲ್ಲೂ ತುಂಡಾಗಿರಲಿಲ್ಲ. ಎರಡು ಸಲ ನೋಡಿದೆ.

“ನೇರ ಇದೆ ಅಂಕಲ್,” ಎಂದೆ. ಅವರು ಬೀಗ ಹಾಕಿದರು.